ಕಲಬುರಗಿಯಿಂದ ಇಮೇಲ್ ವಾರಪತ್ರ: ಓದುಗರನ್ನು ಕೂಡಿಸುವುದು, ರೊಕ್ಕ ಮಾಡುವುದು

ಕಲಬುರಗಿ, ಬೀದರ್, ಯಾದಗಿರಿ ಕಡೆ ಸುದ್ದಿ ಓಡಾಡುವುದು ವಾಟ್ಸಾಪ್‌ನಲ್ಲಿ. ಇಮೇಲ್ ಪತ್ರ ಶುರು ಮಾಡುತ್ತೇನೆ ಎಂದರೆ ಎದುರಿಗಿದ್ದವರು ಕೇಳುವ ಮೊದಲ ಮಾತು, ‘ಮೇಲ್ ಯಾರ್ ನೋಡ್ತಾರ್ರಿ?’ ಕೇಳುವುದರಲ್ಲಿ ತಪ್ಪಿಲ್ಲ. ಎಲ್ಲರೂ ನೋಡುವುದಿಲ್ಲ. ನೋಡುವವರೆಂದರೆ ದಾಲ್ ಮಿಲ್ಲಿನವರು, ಬಿಲ್ಲು–ಲೆಕ್ಕ ಮೇಲ್‌ನಲ್ಲೇ ತರಿಸಿಕೊಳ್ಳುವ ಅಡತಿ (ಕಮಿಷನ್ ಮೇಲೆ ಮಾಲು ಮಾರಿಸುವ) ಅಂಗಡಿಯವರು, ನೇಮಕಾತಿಗೆ ಅರ್ಜಿ ಹಾಕಿ ಕಾಯುತ್ತಿರುವ ಪದವೀಧರರು, ಪುಣೆ, ಹೈದರಾಬಾದ್, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ಈ ಕಡೆಯ ಮಂದಿ. ಸಂಖ್ಯೆ ಸಣ್ಣದು. ಆದರೆ ಬೇಕಾದ ಮಾಹಿತಿ ಸರಿಯಾದ ಹೊತ್ತಿಗೆ ಸಿಕ್ಕರೆ ಅದಕ್ಕೆ ರೊಕ್ಕ ಕೊಡುವವರು ಇವರೇ. ಹಾಗಾಗಿ ಹತ್ತು ಸಾವಿರ ಓದುಗರ ಲೆಕ್ಕವನ್ನು ಪಕ್ಕಕ್ಕಿಟ್ಟು, ಆರು ನೂರು ಗಟ್ಟಿ ಓದುಗರ ಲೆಕ್ಕದಲ್ಲಿ ಇದನ್ನು ಬರೆದಿದೆ.

ವಾಟ್ಸಾಪ್ ಇರುವಾಗ ಇದೇಕೆ? ಅಲ್ಲಿನ ಗುಂಪಿಗೆ 1,024 ಜನರ ಮಿತಿ ಇದೆ. ಚಾನೆಲ್‌ಗೆ ಮಿತಿ ಇಲ್ಲ ನಿಜ, ಆದರೆ ಹಿಂಬಾಲಿಸುವವರ ನಂಬರು ನಿಮ್ಮ ಕೈಗೆ ಸಿಗುವುದಿಲ್ಲ. ಖಾತೆ ಒಂದು ದಿನ ಬಂದ್ ಆದರೆ ಕೂಡಿಸಿದ್ದೆಲ್ಲ ಹೋಯಿತು. ಇಮೇಲ್ ಪಟ್ಟಿ ಹಾಗಲ್ಲ. ಸಿಎಸ್‌ವಿ ಫೈಲ್, ಅಂದರೆ ಸಾದಾ ಪಟ್ಟಿಯ ಫೈಲ್ ಆಗಿ ಇಳಿಸಿಕೊಂಡರೆ ಯಾವ ಸೇವೆಗಾದರೂ ಒಯ್ಯಬಹುದು. ಮಂದಿಯನ್ನು ಕರೆತರಲು ವಾಟ್ಸಾಪ್ ಇರಲಿ, ಉಳಿಸಿಕೊಳ್ಳಲು ಮೇಲ್.

ಯಾವುದರ ಬಗ್ಗೆ ಬರೆಯಬೇಕು

ಈ ವಾರ ನಿಮ್ಮ ಪತ್ರ ಬರಲಿಲ್ಲ ಎಂದುಕೊಳ್ಳಿ. ಓದುಗನಿಗೆ ರೊಕ್ಕವೋ ಹೊತ್ತೋ ನಷ್ಟವಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ವಿಷಯ ಬದಲಿಸಿ. ‘ನಮ್ಮ ಜಿಲ್ಲೆಯ ಸುದ್ದಿ’ ಎಂಬ ಪತ್ರಗಳು ಸೋಲುವುದು ಇಲ್ಲೇ. ಅದನ್ನು ದಿನಪತ್ರಿಕೆ ಆಗಲೇ ಕೊಟ್ಟಿರುತ್ತದೆ.

ಈ ಮೂರು ಜಿಲ್ಲೆಯಲ್ಲಿ ಕೂತು ಬರೆಯುವವರಿಗೆ ಅತಿ ಹತ್ತಿರದ ವಿಷಯ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು. ಬಿತ್ತಿದವನಿಂದ ಮಿಲ್ಲಿನವನವರೆಗೆ ಎಲ್ಲರ ಕಣ್ಣೂ ಗಂಜ್‌ನ, ಅಂದರೆ ಎಪಿಎಂಸಿ ಮಾರುಕಟ್ಟೆಯ, ದರದ ಮೇಲೆ. ಆದರೆ ದರ ಬರೆಯುವುದಕ್ಕೂ ಒಂದು ಕ್ರಮವಿದೆ. ಕೇಂದ್ರ ಸರ್ಕಾರದ ಮಾರುಕಟ್ಟೆ ದರಗಳ ಜಾಲತಾಣ ಆಗ್‌ಮಾರ್ಕ್‌ನೆಟ್‌ನಲ್ಲಿ ಪ್ರತಿ ಮಾರುಕಟ್ಟೆಗೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಹೆಚ್ಚಿನ ಮಾಲು ಯಾವ ದರಕ್ಕೆ ಮಾರಾಟವಾಯಿತೋ ಅದು ಮಾದರಿ ದರ. ಹೊಸಬರು ತಲೆಬರಹ ಜೋರಾಗಿರಲಿ ಎಂದು ಗರಿಷ್ಠವನ್ನು ಹಾಕುತ್ತಾರೆ. ಅದನ್ನು ಓದಿ ಆಳಂದದಿಂದಲೋ ಜೇವರ್ಗಿಯಿಂದಲೋ ಟ್ರ್ಯಾಕ್ಟರ್ ತುಂಬಿಕೊಂಡು ಬಂದವನಿಗೆ ಸಿಗುವುದು ಮಾದರಿ ದರ. ಅವತ್ತಿಗೆ ನಿಮ್ಮ ಪತ್ರದ ಮೇಲಿನ ನಂಬಿಕೆ ಮುಗಿಯಿತು. ಮಾದರಿ ದರವನ್ನು ಮುಂದಿಡಿ, ಆವಕ (ಮಾರುಕಟ್ಟೆಗೆ ಬಂದ ಮಾಲು) ಎಷ್ಟು ಕ್ವಿಂಟಲ್ ಎಂದು ಪಕ್ಕದಲ್ಲೇ ಬರೆಯಿರಿ, ಬೆಂಬಲ ಬೆಲೆಗಿಂತ ಎಷ್ಟು ಮೇಲೆ ಅಥವಾ ಕೆಳಗೆ ಎಂದು ಒಂದು ಸಾಲು ಸೇರಿಸಿ. 2025–26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ, ಅದರ ಹಿಂದಿನ ವರ್ಷ 7,550 ಇತ್ತು. ಮುಂದಿನ ವಾರ ದರ ಏರುತ್ತದೆ ಎಂದು ಭವಿಷ್ಯ ಹೇಳುವ ಗೋಜಿಗೆ ಮಾತ್ರ ಹೋಗಬೇಡಿ. ಹತ್ತು ಸಲ ಸರಿ ಹೇಳಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ, ಒಂದು ಸಲ ತಪ್ಪಿದ್ದು ಉಳಿಯುತ್ತದೆ.

ಎರಡನೆಯದು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ 371ಜೆ ಅಡಿಯ ನೇಮಕಾತಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8. ಅಧಿಸೂಚನೆಯ ಪಿಡಿಎಫ್‌ನಲ್ಲಿ ಈ ಹುದ್ದೆಗಳ ಪಟ್ಟಿ ಎಲ್ಲೋ ಒಳಪುಟದಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಬಿಡಿಸಿ, ‘ನಮ್ಮ ಭಾಗಕ್ಕೆ ಎಷ್ಟು, ಕೊನೆಯ ದಿನ ಯಾವುದು, ಯಾವ ಕಾಗದ ಈಗಲೇ ಬೇಕು’ ಎಂದು ಮೂರು ಸಾಲಿನಲ್ಲಿ ಹೇಳುವುದೇ ಇಲ್ಲಿನ ಕೆಲಸ. ಈ ಮೀಸಲಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಕೊನೆಯ ವಾರದಲ್ಲಿ ಅದಕ್ಕೆ ಓಡಾಡುವವರೇ ಹೆಚ್ಚು. ‘ಪ್ರಮಾಣಪತ್ರ ಇದ್ದರಷ್ಟೇ ಮುಂದೆ ಓದಿ, ಇಲ್ಲದಿದ್ದರೆ ನಾಳೆಯೇ ಅರ್ಜಿ ಹಾಕಿ’ ಎಂಬ ಒಂದು ಸಾಲು ಪ್ರತಿ ಸಂಚಿಕೆಯಲ್ಲಿ ಇದ್ದರೆ ಓದುಗ ನಿಮ್ಮನ್ನು ಮರೆಯುವುದಿಲ್ಲ.

ಬೀದರ್‌ನವರಿಗೆ ಬಿದರಿ ಕಲೆ ಇದೆ. ಅಲ್ಲಿ ಪತ್ರಕ್ಕೆ ಚಂದಾ ಕೇಳಬಾರದು, ಪತ್ರದ ಮೂಲಕ ವಸ್ತು ಮಾರಬೇಕು. ಓದುಗರು ಬೇರೆ, ಲೆಕ್ಕವೂ ಬೇರೆ. ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಸೇವೆ, ಡೊಮೇನ್, ಮೂರು ದಾಖಲೆ

ಸಾಮಾನ್ಯ ಜಿಮೇಲ್‌ನಿಂದ ಬಿಸಿಸಿ (ವಿಳಾಸ ಒಬ್ಬರಿಗೊಬ್ಬರಿಗೆ ಕಾಣದ ಖಾನೆ) ಹಾಕಿ ಕಳಿಸುವವರಿದ್ದಾರೆ. ದಿನಕ್ಕೆ 500 ಜನರ ಮಿತಿ ಇದೆ, ಬೇಡವಾದವರು ಹೊರಹೋಗಲು ದಾರಿ ಇರುವುದಿಲ್ಲ, ಅವರು ಸೀದಾ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಒಂದು ಸಲ ಕೈತಪ್ಪಿ ಬಿಸಿಸಿ ಬದಲು ಸಿಸಿಗೆ ಹಾಕಿದರಂತೂ ಎಲ್ಲರ ವಿಳಾಸ ಎಲ್ಲರಿಗೂ ಸಿಗುತ್ತದೆ. ನ್ಯೂಸ್‌ಲೆಟರ್ ಸೇವೆಯನ್ನೇ ಬಳಸಿ.

ಸೇವೆ ಆರಿಸುವಾಗ ಹಣ ಬರುವ ದಾರಿಯನ್ನು ಮೊದಲು ನೋಡಿ. ಸಬ್‌ಸ್ಟ್ಯಾಕ್ ಎಂಬ ನ್ಯೂಸ್‌ಲೆಟರ್ ಸೇವೆ ಉಚಿತ, ಚಂದಾ ಹಣದಲ್ಲಿ ಶೇ 10 ಮುರಿದುಕೊಳ್ಳುತ್ತದೆ. ಆದರೆ ಅದರ ಪಾವತಿ ನಡೆಯುವುದು ಸ್ಟ್ರೈಪ್ ಎಂಬ ಪಾವತಿ ಕಂಪನಿಯ ಮೂಲಕ, ಮತ್ತು ಸ್ಟ್ರೈಪ್ 2024ರಿಂದ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನ ಇದ್ದವರಿಗಷ್ಟೇ ಕೊಡುತ್ತಿದೆ. ಉಚಿತ ಪತ್ರಕ್ಕೆ ತೊಂದರೆ ಇಲ್ಲ. ಚಂದಾ ಶುರು ಮಾಡುವ ದಿನ ಗೋಡೆಗೆ ಹಾಯುತ್ತೀರಿ. ಹಾಗಾಗಿ ಮೇಲ್ ಕಳಿಸುವ ಸೇವೆ ಒಂದು, ಹಣ ಪಡೆಯುವ ಸೇವೆ ಇನ್ನೊಂದು ಎಂದು ಬೇರೆ ಬೇರೆ ಇಟ್ಟುಕೊಳ್ಳುವುದು ಮೇಲು. ಮೇಲ್ ಸೇವೆಯಲ್ಲಿ ಮೂರು ಅನುಕೂಲ ಇವೆಯೇ ನೋಡಿ: ಓದುಗರಿಗೆ ಗುರುತುಚೀಟಿ ಅಂಟಿಸುವುದು, ಅಂದರೆ ಟ್ಯಾಗ್, ಪಟ್ಟಿಯನ್ನು ಸಿಎಸ್‌ವಿ ಆಗಿ ಇಳಿಸುವುದು, ನಿಮ್ಮದೇ ಡೊಮೇನ್‌ನಿಂದ, ಅಂದರೆ ಸ್ವಂತ ಹೆಸರಿನ ಅಂತರ್ಜಾಲ ವಿಳಾಸದಿಂದ, ಕಳಿಸುವುದು.

ಡೊಮೇನ್ ಕೊಳ್ಳಲೇಬೇಕು. ಜಿಮೇಲ್ ವಿಳಾಸವನ್ನೇ ಕಳಿಸುವವರ ಜಾಗದಲ್ಲಿಟ್ಟು ಬೇರೆ ಸೇವೆಯಿಂದ ಕಳಿಸಿದರೆ ದೃಢೀಕರಣ ತಾಳೆಯಾಗದೆ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ. ಡೊಮೇನ್ ಹೆಸರು ಫೋನ್‌ನಲ್ಲಿ ಒಮ್ಮೆ ಹೇಳಿದರೆ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಆಮೇಲೆ ಅದರ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ವಿವರಪಟ್ಟಿಯಲ್ಲಿ, ಮೂರು ದಾಖಲೆ ಹಾಕಬೇಕು. ಎಸ್‌ಪಿಎಫ್ ಎಂದರೆ ಈ ಡೊಮೇನ್ ಪರವಾಗಿ ಯಾರು ಕಳಿಸಬಹುದು ಎಂಬ ಪಟ್ಟಿ. ಡಿಕಿಮ್ ಎಂದರೆ ಮೇಲ್ ಮೇಲಿನ ಮೊಹರು. ಡಿಮಾರ್ಕ್ ಎಂದರೆ ಮೊಹರು ತಾಳೆಯಾಗದಿದ್ದರೆ ಏನು ಮಾಡಬೇಕೆಂಬ ಸೂಚನೆ. ಡಿಮಾರ್ಕ್ ಮೊದಲಿಗೆ ‘ನನ್’ (ಏನೂ ಮಾಡಬೇಡ) ಎಂದೇ ಇರಲಿ, ಒಂದೆರಡು ತಿಂಗಳು ಎಲ್ಲ ಸರಿಯಾಗಿ ತಲುಪುತ್ತಿದ್ದರೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು) ಮಟ್ಟಕ್ಕೆ ಏರಿಸಿ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಎಂದರೆ ಎರಡು ಎಸ್‌ಪಿಎಫ್ ದಾಖಲೆ. ಮೊದಲೇ ಒಂದು ಮೇಲ್ ಸೇವೆಗೆ ಹಾಕಿದ್ದನ್ನು ಮರೆತು ಇನ್ನೊಂದು ಸಾಲು ಸೇರಿಸುತ್ತಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ಇರಬೇಕು. ಎರಡಿದ್ದರೆ ಎರಡೂ ಕೆಡುತ್ತವೆ. ಹಳೆಯ ಸಾಲಿನ ಒಳಗೇ ಹೊಸ ಸೇವೆಯ ಹೆಸರನ್ನು ಸೇರಿಸಿ.

2024ರ ಫೆಬ್ರವರಿಯಿಂದ ಜಿಮೇಲ್ ಈ ನಿಯಮಗಳನ್ನು ಬಿಗಿ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿಗೆ ಹೊರಹೋಗುವ ಸೌಲಭ್ಯವೂ ಕಡ್ಡಾಯ. ನೀವು ಆ ಸಂಖ್ಯೆಯ ಹತ್ತಿರವೂ ಇಲ್ಲ, ಆದರೂ ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು ಎಂಬುದು ಗೂಗಲ್ ಮಾತು. ಆರು ನೂರು ಓದುಗರಲ್ಲಿ ಇಬ್ಬರು ಸ್ಪ್ಯಾಮ್ ಒತ್ತಿದರೆ ಶೇ 0.33. ಸಣ್ಣ ಪಟ್ಟಿಗೆ ಎರಡು ಬೆರಳು ಸಾಕು.

ನುಡಿ ಫೈಲು, 102 ಕೆಬಿ, ಒತ್ತಕ್ಷರ

ಕನ್ನಡ ಪತ್ರಕ್ಕೆ ಮಾತ್ರ ಬರುವ ಕೆಲವು ತೊಡಕುಗಳನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ.

ಡಿಟಿಪಿ ಅಂಗಡಿಯಿಂದಲೋ ಹಳೆಯ ವರದಿಗಾರರಿಂದಲೋ ಬರಹ ತರಿಸಿಕೊಂಡರೆ ಅದು ಹಳೆಯ ನುಡಿ ಫಾಂಟ್‌ನಲ್ಲಿರುವ ಸಾಧ್ಯತೆ ಹೆಚ್ಚು. ನಿಮ್ಮ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರುವುದರಿಂದ ಚೆನ್ನಾಗಿಯೇ ಕಾಣುತ್ತದೆ. ಓದುಗನ ಫೋನ್‌ನಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಗೋಜಲು. ಎಲ್ಲ ಫೋನ್‌ನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿಯೇ ಬಳಸಿ, ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ನೋಡಿ. ‘ಮಾರ್ಚ್’, ‘ವರ್ಷ’, ‘ಅರ್ಜಿ’ ಇವೇ ಮೊದಲು ಕೆಡುವುದು. ದರದ ಪತ್ರದಲ್ಲಿ ಒಂದು ಅಂಕಿ ತಪ್ಪಿದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಎರಡನೆಯದು ಗಾತ್ರ. ಮೇಲ್‌ನ ಎಚ್‌ಟಿಎಂಎಲ್ (ಬರಹ, ವಿನ್ಯಾಸ ಎರಡೂ ಸೇರಿದ ಸಂಕೇತ) 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ಮರೆಮಾಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಅದರ ಗುಣಿತಕ್ಕೆ ಮೂರು, ಹಲಂತಕ್ಕೆ ಮೂರು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಬರೆಯಲು ಆರು ಸಂಕೇತ, ಅಂದರೆ 18 ಬೈಟ್. ಕೆಲವು ಸಾಧನಗಳು ಪ್ರತಿ ಸಂಕೇತವನ್ನೂ ಏಳು ಅಕ್ಷರದ ಎಚ್‌ಟಿಎಂಎಲ್ ಸಂಖ್ಯೆಯಾಗಿ ಬದಲಿಸುತ್ತವೆ. ಆಗ ಅದೇ ‘ಸ್ತ್ರೀ’ 42 ಬೈಟ್. ಇದರ ಮೇಲೆ ಬಣ್ಣ ಬಣ್ಣದ ಟೆಂಪ್ಲೇಟ್ ಹೇರಿದರೆ ಮಿತಿ ದಾಟಿತೆಂದೇ ಲೆಕ್ಕ. ಕತ್ತರಿಸಿಹೋಗುವುದು ಕೊನೆಯ ಭಾಗ, ಮತ್ತು ಹೊರಹೋಗುವ ಕೊಂಡಿ ಇರುವುದು ಅಲ್ಲೇ. ಕೊಂಡಿ ಕಾಣದವನು ಸ್ಪ್ಯಾಮ್ ಒತ್ತುತ್ತಾನೆ. ಜಾಹೀರಾತೂ ಕೊನೆಯಲ್ಲಿದ್ದರೆ ಅದೂ ಹೋಯಿತು. ಸರಳ ಟೆಂಪ್ಲೇಟ್ ಇಟ್ಟುಕೊಂಡು 600ರಿಂದ 900 ಪದಗಳಲ್ಲಿ ಮುಗಿಸಿ. ವರ್ಡ್‌ನಿಂದ ನೇರವಾಗಿ ಅಂಟಿಸಬೇಡಿ, ಕಾಣದ ಕಸ ಜೊತೆಗೆ ಬರುತ್ತದೆ. ನೋಟ್‌ಪ್ಯಾಡ್‌ಗೆ ಹಾಕಿ ಅಲ್ಲಿಂದ ತನ್ನಿ.

ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್, ಸಾಲಿನ ಅಂತರ 1.6 ಇರಲಿ. ಅದಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದರಪಟ್ಟಿಯನ್ನು ಚಿತ್ರವಾಗಿ ಹಾಕುವ ಚಾಳಿ ಬಿಡಿ. ಚಿತ್ರ ತೆರೆಯದ ಫೋನ್‌ನಲ್ಲಿ ಖಾಲಿ ಡಬ್ಬಿ ಕಾಣುತ್ತದೆ, ಮೂರು ತಿಂಗಳ ನಂತರ ಹುಡುಕಿದರೂ ಸಿಗುವುದಿಲ್ಲ.

ಓದುಗರನ್ನು ಕೂಡಿಸುವುದು

ಇಲ್ಲಿ ಬಹಳ ಮಂದಿಯ ಫೋನ್‌ನಲ್ಲಿರುವ ಜಿಮೇಲ್ ಮೊಬೈಲ್ ಅಂಗಡಿಯವನು ಮಾಡಿಕೊಟ್ಟದ್ದು. ಮಾಲೀಕನಿಗೆ ಅದರ ಪಾಸ್‌ವರ್ಡೂ ಗೊತ್ತಿಲ್ಲ, ಅದರಲ್ಲಿ ಮೇಲ್ ಬರುತ್ತದೆಂಬುದೂ ಗೊತ್ತಿಲ್ಲ. ಅಭ್ಯರ್ಥಿಗಳಲ್ಲಿ ಹಲವರು ಅರ್ಜಿ ತುಂಬುವಾಗ ನೆಟ್ ಸೆಂಟರ್‌ನವರ ಇಮೇಲ್ ಕೊಟ್ಟಿರುತ್ತಾರೆ. ಇಂಥ ವಿಳಾಸ ಪಟ್ಟಿಗೆ ಸೇರಿದರೆ ಸಂಖ್ಯೆ ಉಬ್ಬುತ್ತದೆ, ಓದುವವರು ಇರುವುದಿಲ್ಲ. ಎದುರಾಎದುರು ಸೇರಿಸಿಕೊಳ್ಳುವಾಗ ‘ನಿನ್ನೆ ಬಂದ ಮೇಲ್ ಒಂದು ತೋರಿಸ್ರಿ ಅಣ್ಣ’ ಎಂದು ಕೇಳಿ. ಅರ್ಧ ನಿಮಿಷದಲ್ಲಿ ತೋರಿಸಿದರೆ ಅವರು ನಿಮ್ಮ ಓದುಗರು. ಹುಡುಕಾಡಿದರೆ ವಾಟ್ಸಾಪ್ ಚಾನೆಲ್‌ಗೆ ಸೇರಿಸಿ ಸುಮ್ಮನಾಗಿ.

ಕೃಷಿ ಮೇಳದಲ್ಲಿ ನೋಟ್‌ಬುಕ್ ಇಟ್ಟು ಬರೆಸಿಕೊಂಡ ವಿಳಾಸಗಳಲ್ಲಿ ಸೊನ್ನೆಯೋ ‘ಓ’ ಅಕ್ಷರವೋ ತಿಳಿಯದು. ಅದರ ಬದಲು ಎ5 ಗಾತ್ರದ ಹಾಳೆಯಲ್ಲಿ ಕ್ಯೂಆರ್ ಕೋಡ್ ಅಚ್ಚು ಮಾಡಿಸಿ, ಲ್ಯಾಮಿನೇಷನ್ ಮಾಡಿಸಿ, ಮಂದಿ ಕಾಯುತ್ತಾ ನಿಲ್ಲುವ ಜಾಗದಲ್ಲಿಡಿ: ಅಡತಿ ಅಂಗಡಿಯ ಗಲ್ಲೆಯ ಪಕ್ಕ, ಬೀಜ–ಗೊಬ್ಬರದ ಅಂಗಡಿ, ಗ್ರಂಥಾಲಯದ ಓದುವ ಕೋಣೆ, ಝೆರಾಕ್ಸ್ ಅಂಗಡಿ. ಕೋಡ್ ಮೇಲೆ ‘ನಮ್ಮ ಪತ್ರಕ್ಕೆ ಚಂದಾದಾರರಾಗಿ’ ಎಂದು ಬರೆದರೆ ಯಾರೂ ಫೋನ್ ಎತ್ತುವುದಿಲ್ಲ. ‘ಪ್ರತಿ ಭಾನುವಾರ ಸಂಜೆ: ಕಲಬುರಗಿ, ಯಾದಗಿರಿ, ಸೇಡಂ, ಬೀದರ್ ತೊಗರಿ ದರ ಒಂದೇ ಕಡೆ’ ಎಂದು ಬರೆಯಿರಿ. ಪ್ರತಿ ಅಂಗಡಿಗೂ ಬೇರೆ ಕೊಂಡಿಯ ಕೋಡ್ ಕೊಟ್ಟರೆ ಎಲ್ಲಿಂದ ಎಷ್ಟು ಜನ ಬಂದರು ಎಂಬುದು ತಿಂಗಳ ಕೊನೆಗೆ ತಿಳಿಯುತ್ತದೆ.

ಸೇರಿದವರಿಗೆ ದೃಢೀಕರಣದ ಮೇಲ್ ಕಡ್ಡಾಯವಾಗಿ ಹೋಗಲಿ. ಅದನ್ನು ಒತ್ತದವರು ಪಟ್ಟಿಗೆ ಬರುವುದಿಲ್ಲ, ಕೆಲವರನ್ನು ಕಳೆದುಕೊಳ್ಳುತ್ತೀರಿ, ಪರವಾಗಿಲ್ಲ. ಆ ಒತ್ತು ಒಪ್ಪಿಗೆಯ ದಾಖಲೆಯೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದು ಒಪ್ಪಿಗೆಯನ್ನೇ. ಯಾರೋ ಕೊಟ್ಟ ವ್ಯಾಪಾರಿಗಳ ಪಟ್ಟಿಯನ್ನು ತಂದು ತುಂಬುವ ಆಸೆ ಬೇಡ.

ದೃಢೀಕರಿಸಿದ ತಕ್ಷಣ ಹೋಗುವ ಸ್ವಾಗತ ಪತ್ರದಲ್ಲಿ ಒಂದು ಪ್ರಶ್ನೆ ಇಡಿ: ‘ನೀವು ಮಾರುವವರೋ, ಕೊಳ್ಳುವವರೋ? ಒಂದೇ ಪದದಲ್ಲಿ ಉತ್ತರಿಸಿ.’ ಉತ್ತರ ಬಂದರೆ ಎರಡು ಲಾಭ. ಓದುಗನಿಗೆ ಸರಿಯಾದ ಟ್ಯಾಗ್ ಹಾಕಬಹುದು. ಜೊತೆಗೆ, ಅವನು ನಿಮಗೆ ಬರೆದದ್ದರಿಂದ ಜಿಮೇಲ್ ನಿಮ್ಮನ್ನು ಪರಿಚಿತರೆಂದು ಕಾಣುತ್ತದೆ, ಜಾಹೀರಾತು ಮೇಲ್‌ಗಳು ಬೀಳುವ ಪ್ರೊಮೋಷನ್ಸ್ ಟ್ಯಾಬ್‌ಗೆ ತಳ್ಳುವುದು ಕಡಿಮೆಯಾಗುತ್ತದೆ.

ವಿಷಯದ ಸಾಲಿನ ಮಾತು ಚುಟುಕಾಗಿ. ‘ನಮ್ಮ ವಾರಪತ್ರ – ಸಂಚಿಕೆ 14’ ಎಂದರೆ ತೆರೆಯುವವರಿಲ್ಲ. ‘ತೊಗರಿ: ಆವಕ ಇಳಿದರೂ ದರ ನಿಂತಲ್ಲೇ, ಯಾಕೆ?’ ಎಂದರೆ ತೆರೆಯುತ್ತಾರೆ. ಫೋನ್‌ನಲ್ಲಿ ಕನ್ನಡ ಅಗಲವಾಗಿ ಕೂರುತ್ತದೆ, ಮೊದಲ ನಾಲ್ಕು ಪದಗಳೊಳಗೆ ತಿರುಳು ಬಂದುಬಿಡಲಿ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ಹೆಚ್ಚು ನಂಬಬೇಡಿ. 2021ರಿಂದ ಆಪಲ್ ಮೇಲ್ ಓದುಗ ತೆರೆಯದಿದ್ದರೂ ತೆರೆದಂತೆ ತೋರಿಸಬಲ್ಲದು. ಕೊಂಡಿ ಒತ್ತಿದವರು, ಉತ್ತರ ಬರೆದವರು, ಈ ಎರಡೇ ಗಟ್ಟಿ ಲೆಕ್ಕ. 90 ದಿನ ಏನನ್ನೂ ಒತ್ತದವರಿಗೆ ‘ಇನ್ನೂ ಕಳಿಸಬೇಕೇ?’ ಎಂದು ಎರಡು ಸಲ ಕೇಳಿ, ಉತ್ತರ ಇಲ್ಲದಿದ್ದರೆ ತೆಗೆದುಹಾಕಿ. ಸಂಖ್ಯೆ ಇಳಿಯುವುದನ್ನು ನೋಡಲು ಸಂಕಟವಾಗುತ್ತದೆ, ಆದರೂ ತೆಗೆಯಿರಿ.

ರೊಕ್ಕದ ದಾರಿ

ಮೊದಲು ಪ್ರಾಯೋಜಕರು, ಆಮೇಲೆ ಚಂದಾ. ಐವತ್ತು ಸಂಚಿಕೆ ಆಗುವ ಮೊದಲು ಚಂದಾ ಕೇಳಿದರೆ ಕೊಡುವವರು ಸಿಗುವುದು ಕಷ್ಟ. ಪ್ರಾಯೋಜಕರು ಮುನ್ನೂರು ಗಟ್ಟಿ ಓದುಗರಿದ್ದರೂ ಸಿಗುತ್ತಾರೆ, ಆ ಮುನ್ನೂರು ಯಾರೆಂದು ನೀವು ಹೇಳಬಲ್ಲಿರಾದರೆ. ‘ನಮಗೆ 600 ಓದುಗರಿದ್ದಾರೆ’ ಎಂಬುದಕ್ಕಿಂತ ‘ಇದರಲ್ಲಿ 40 ಜನ ದಾಲ್ ಮಿಲ್ಲಿನವರು’ ಎಂಬ ಮಾತಿಗೆ ತೂಕ. ಸ್ವಾಗತ ಪತ್ರದ ಆ ಒಂದು ಪ್ರಶ್ನೆ ಕೆಲಸಕ್ಕೆ ಬರುವುದು ಇಲ್ಲಿ.

ಯಾರನ್ನು ಕೇಳಬಾರದು ಎಂಬುದು ಮುಖ್ಯ. ದರದ ಪತ್ರಕ್ಕೆ ತೊಗರಿ ಕೊಳ್ಳುವವರು, ಮಾರುವವರು ಯಾರೂ ಪ್ರಾಯೋಜಕರಾಗಬಾರದು. ನೀವು ಎಷ್ಟೇ ನೆಟ್ಟಗಿದ್ದರೂ ‘ಅವರ ರೊಕ್ಕ ತಿಂದು ದರ ಬರೀತಾರ’ ಎಂಬ ಮಾತು ಗಂಜ್‌ನಲ್ಲಿ ಒಂದೇ ದಿನದಲ್ಲಿ ಸುತ್ತುತ್ತದೆ. ತಾಡಪತ್ರಿ, ಗೋಣಿಚೀಲ, ತೂಕದ ಯಂತ್ರ, ಡ್ರಿಪ್ ಪೈಪು ಮಾರುವವರನ್ನು ಕೇಳಿ. ನೇಮಕಾತಿ ಪತ್ರಕ್ಕೆ ಕೋಚಿಂಗ್ ಕೇಂದ್ರ, ಹಾಸ್ಟೆಲ್, ಪುಸ್ತಕದಂಗಡಿ ಸರಿ. ಕೆಲಸ ಕೊಡಿಸುತ್ತೇವೆ ಎಂಬ ಜಾಹೀರಾತನ್ನು ಎಷ್ಟು ಕೊಟ್ಟರೂ ಹಾಕಬೇಡಿ. ಹಾಕಿದ ಪ್ರತಿ ಜಾಹೀರಾತಿನ ಮೇಲೂ ‘ಜಾಹೀರಾತು’ ಎಂದು ಬರೆದಿರಲಿ.

ಬೆಲೆಗೆ ಒಂದು ಆರಂಭದ ಲೆಕ್ಕ: ಓದುಗನೊಬ್ಬನಿಗೆ ಸಂಚಿಕೆಗೆ 2 ರೂಪಾಯಿ. 600 ಓದುಗರಿಗೆ 1,200, ನಾಲ್ಕು ಸಂಚಿಕೆಗೆ 4,800. ಒಂದೇ ಸಂಚಿಕೆ ಮಾರಬೇಡಿ, ಒಂದು ಸಲ ಕಂಡ ಜಾಹೀರಾತಿಗೆ ಯಾರೂ ಫೋನ್ ಮಾಡುವುದಿಲ್ಲ, ಪ್ರಾಯೋಜಕ ಮರಳಿ ಬರುವುದಿಲ್ಲ. ಹಣ ಮುಂಗಡ. ಈ ಭಾಗದ ವ್ಯಾಪಾರ ಉದ್ರಿ ಮೇಲೆ ನಡೆಯುತ್ತದೆ, ರಾಶಿ ಆದ ಮೇಲೆ ಕೊಡುವುದು ವಾಡಿಕೆ. ಪತ್ರಕ್ಕೆ ಅದು ಒಗ್ಗುವುದಿಲ್ಲ. ನಾಲ್ಕು ಸಂಚಿಕೆಯ ಹಣ ಉದ್ರಿ ಬಿದ್ದರೆ ವಸೂಲಿಗೆ ಓಡಾಡುವ ಪೆಟ್ರೋಲ್‌ಗೇ ಲಾಭ ಹೋಗುತ್ತದೆ. ಪ್ರತಿ ಪ್ರಾಯೋಜಕರಿಗೂ ಪ್ರತ್ಯೇಕ ಕೊಂಡಿ ಕೊಟ್ಟು, ಎಷ್ಟು ಜನ ಒತ್ತಿದರು ಎಂದು ನಾಲ್ಕನೆಯ ಸಂಚಿಕೆ ಆದ ಮರುದಿನ ನೀವಾಗಿಯೇ ತಿಳಿಸಿ. ಕಡಿಮೆ ಬಂದಿದ್ದರೂ ತಿಳಿಸಿ.

ಚಂದಾಗೆ ವಾರದ ದರವನ್ನು ಬೀಗ ಹಾಕಿಡಬೇಡಿ, ಅದು ಉಚಿತವಾಗಿಯೇ ಇರಲಿ. ಮಾರಬೇಕಾದದ್ದು ಬೇಗ ಸಿಗುವ ಮಾಹಿತಿ: ಬೆಂಬಲ ಬೆಲೆ ಖರೀದಿಗೆ ನೋಂದಣಿ ತೆರೆದ ದಿನವೇ ಹೋಗುವ ಮೇಲ್, ಬೇಕಾದ ಕಾಗದಗಳ ಪಟ್ಟಿ, ಹಿಂದಿನ ವರ್ಷಗಳ ಇದೇ ವಾರದ ಆವಕ–ದರ ಹೋಲಿಕೆ. ವರ್ಷಕ್ಕೆ 499 ಇಟ್ಟು 600ರಲ್ಲಿ ಶೇ 5 ಜನ ಕೊಟ್ಟರೆ 30 ಜನ, 14,970 ರೂಪಾಯಿ. ದೊಡ್ಡದಲ್ಲ. ಸೇವೆಯ ಖರ್ಚು ಕಳೆದು ಸ್ವಲ್ಪ ಉಳಿಯುತ್ತದೆ, ಅಷ್ಟೇ. ಅದಕ್ಕೇ ಪ್ರಾಯೋಜಕರು ಮೊದಲು ಎಂದದ್ದು.

ಹಣ ಪಡೆಯಲು ಯುಪಿಐ ಇರುವ ಪೇಮೆಂಟ್ ಪುಟ ಸಾಕು. ರೇಜರ್‌ಪೇಯಂಥ ಸೇವೆಯಲ್ಲಿ ಸಾಮಾನ್ಯವಾಗಿ ಶೇ 2 ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟು ಶೇ 2.36. 499ರಲ್ಲಿ ಹನ್ನೆರಡು ರೂಪಾಯಿ ಹೋಗುತ್ತದೆ. ತಿಂಗಳ ಚಂದಾಗೆ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಬೇಡ. ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಹೋಗುತ್ತದೆ, ಅದನ್ನು ಕಂಡು ಗಾಬರಿಯಾಗಿ ರದ್ದು ಮಾಡುವವರು ಬಹಳ. ವರ್ಷಕ್ಕೊಮ್ಮೆ ಕೇಳಿ, ಅಭ್ಯರ್ಥಿಗಳಿಗೆ ಮೂರು ತಿಂಗಳಿಗೊಮ್ಮೆ. ಪೇಮೆಂಟ್ ಪುಟದಲ್ಲಿ ಇಮೇಲ್ ಕಡ್ಡಾಯ ಮಾಡಿ, ‘ಪತ್ರ ಬರುವ ಇಮೇಲ್‌ನ್ನೇ ಬರೆಯಿರಿ’ ಎಂದು ಮೇಲೆ ಬರೆಯಿರಿ. ಹಾಗೆ ಬರೆದರೂ ಮಗನ ಫೋನ್‌ನಿಂದ ಕಟ್ಟಿ ಮಗನ ಇಮೇಲ್ ಹಾಕುವ ಅಪ್ಪಂದಿರು ಇದ್ದೇ ಇರುತ್ತಾರೆ, ವಾರಕ್ಕೊಮ್ಮೆ ಕೂತು ತಾಳೆ ನೋಡಬೇಕು. ಮುಗಿಯುವ ದಿನಾಂಕಕ್ಕೆ ಪಟ್ಟಿಯಲ್ಲಿ ಒಂದು ಕಲಂ ಇಡಿ. 15 ದಿನ ಮೊದಲು ಒಂದು, 3 ದಿನ ಮೊದಲು ಇನ್ನೊಂದು ನೆನಪೋಲೆ.

ಯಾವಾಗ ಕೇಳುವುದು? ಜೂನ್–ಜುಲೈನಲ್ಲಿ ಬೀಜ, ಗೊಬ್ಬರಕ್ಕೇ ಕೈ ಖಾಲಿ. ಆಗ ಚಂದಾ ಕೇಳಿದರೆ ಸಿಗುವುದು ಮೌನ. ರಾಶಿ ಮುಗಿದು ಮಾಲು ಗಂಜ್‌ಗೆ ಬಂದ ಜನವರಿ, ಫೆಬ್ರವರಿ ಸರಿಯಾದ ಕಾಲ. ಅಭ್ಯರ್ಥಿಗಳಿಗೆ ಹಂಗಾಮಿಲ್ಲ, ದೊಡ್ಡ ಅಧಿಸೂಚನೆ ಬಂದ ವಾರವೇ ಅವರ ಹಂಗಾಮು.

ತೆರಿಗೆ: ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವಂತಿಲ್ಲ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಮಾತ್ರ ಈ ಹಣ ಕಾಣಲೇಬೇಕು. ಪತ್ರಕ್ಕೆಂದೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದರೆ ಮಾರ್ಚ್‌ನಲ್ಲಿ ತಲೆನೋವಿಲ್ಲ.

ಕೊನೆಗೆ ದಿನದ ಮಾತು. ವಾರ, ಹೊತ್ತು ಒಮ್ಮೆ ಗೊತ್ತು ಮಾಡಿದರೆ ಬದಲಿಸಬೇಡಿ. ಭಾನುವಾರ ಸಂಜೆ ಏಳು ಎಂದರೆ ಏಳು. ಎಳ್ಳ ಅಮಾವಾಸ್ಯೆ ಒಂದೇ ಅಪವಾದ. ಅವತ್ತು ಊರಿಗೆ ಊರೇ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಮುಂದೆ ಕೂತಿರುತ್ತದೆ, ಸಂಜೆ ಮನೆಗೆ ಬಂದವರಿಗೆ ಫೋನ್ ತೆಗೆಯುವ ಮನಸ್ಸೂ ಇರುವುದಿಲ್ಲ. ಅದು ಭಾನುವಾರ ಬಿದ್ದ ವರ್ಷ ಪತ್ರವನ್ನು ಮರುದಿನ ಬೆಳಿಗ್ಗೆ ಆರೂವರೆಗೆ ಕಳಿಸಿ, ಮತ್ತು ಹಾಗೆ ಕಳಿಸುತ್ತೀರೆಂದು ಹಿಂದಿನ ವಾರವೇ ತಿಳಿಸಿರಿ.